ಮೊದಲಿಗೇ ಬಂದ ಕೊನೆಯಾಟ

ಚದುರಂಗದಲ್ಲಿ ಮಂತ್ರಿಗಳು ಇಬ್ಬರೂ ಬಿದ್ದು, ರಾಜ ತಾನೇ ಬಯಲಿಗಿಳಿದು ದುಡಿಯುವ ಹೊತ್ತು ಬರುವುದು ಆಟದ ಕೊನೆಯಲ್ಲಿ. ಕರಿ ಕಾಯಿಯವರು ಹೂಡುವ ಬರ್ಲಿನ್ ಡಿಫೆನ್ಸ್ ಎಂಬ ಆರಂಭದ ಹೆಸರಾಂತ ಸಾಲಿನಲ್ಲಿ ಅದು ಎಂಟನೆಯ ನಡೆಗೇ ಬಂದುಬಿಡುತ್ತದೆ. ಕರಿಯ ರಾಜನಿಗೆ ಕ್ಯಾಸ್ಲಿಂಗ್ ತಪ್ಪಿತು. ಎರಡು ಕಾಲಾಳುಗಳು ಒಂದರ ಹಿಂದೊಂದು ಸಿಕ್ಕಿಕೊಂಡವು. ಹೊಸಬರು ಅಯ್ಯೋ ಎನ್ನುತ್ತಾರೆ. ಆದರೆ ಎದುರಾಳಿಯ ಮಂತ್ರಿಯೇ ಇಲ್ಲದ ಮೇಲೆ ರಾಜನಿಗೆ ಯಾರ ಹೆದರಿಕೆ? ಕರಿಯ ಎರಡು ಒಂಟೆಗಳೂ ಉಳಿದಿವೆ, ಬಿಳಿಯವನಿಗೆ ಉಳಿದಿರುವುದು ಒಂದೇ. 2000ದಲ್ಲಿ ಲಂಡನ್ನಿನ ವಿಶ್ವ ಪಟ್ಟದ ಪಂದ್ಯದಲ್ಲಿ ಸವಾಲು ಹಾಕಿದ ಕ್ರಾಮ್ನಿಕ್ ಇದನ್ನೇ ಹೂಡಿದರು. ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ಒಂದೂ ಆಟ ಗೆಲ್ಲಲಾಗದೆ ಪಟ್ಟ ಬಿಟ್ಟುಕೊಟ್ಟರು.

ಈ ತಿರುವುಮುರುವಿನ ಚೆಲುವು ನನಗೆ ಪೂರಾ ಹಿಡಿಸಿದ್ದು ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರದಲ್ಲಿ. ನಮ್ಮ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇಗುಲವನ್ನು ಮೇಲಿಂದ ಕೆಳಕ್ಕೆ ಕಡೆದಿದ್ದಾರೆ. ಶಿಖರ ಮೊದಲು, ಪೀಠ ಕೊನೆಗೆ. ಕಡೆದು ತೆಗೆದ ಕಲ್ಲನ್ನು ಮತ್ತೆ ಅಂಟಿಸುವಂತಿಲ್ಲ. ಬುಡದ ಆನೆಸಾಲು ಮೊದಲ ಉಳಿಪೆಟ್ಟಿಗೇ ಶಿಲ್ಪಿಯ ಕಣ್ಣಿನಲ್ಲಿದ್ದಿರಬೇಕು. ಬರ್ಲಿನ್ ಆಡುವವರಿಗೂ ಅಂಥ ಕಣ್ಣು ಬೇಕು.

ಅಲ್ಲಿಂದ ವೈಜಾಪುರ, ಯೇವಲಾ, ನಿಫಾಡ್ ದಾಟಿ ನಾಸಿಕಕ್ಕೆ ಬಸ್ಸು ಹಿಡಿದೆ. ಹೊರಗೆ ಈರುಳ್ಳಿ, ದ್ರಾಕ್ಷಿಯ ಹೊಲಗಳು. ಕೈಯಲ್ಲಿ ನಾಸಿಕದ ಹುಡುಗ ವಿದಿತ್ ಗುಜರಾತಿಯ ಆಟ. 2023ರ ಗ್ರ್ಯಾಂಡ್ ಸ್ವಿಸ್ ಪಂದ್ಯಾವಳಿಯಲ್ಲಿ ಮೊದಲ ಸುತ್ತು ಸೋತೂ ಪ್ರಶಸ್ತಿ ಗೆದ್ದ ಗಟ್ಟಿಗ ಆತ. ಮರುವರ್ಷ ಟೊರಾಂಟೊದಲ್ಲಿ, ವಿಶ್ವ ಚಾಂಪಿಯನ್ನಿಗೆ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಪಂದ್ಯಾವಳಿ, ಎರಡನೆಯ ಸುತ್ತು. ಎದುರಿಗೆ ಅಮೆರಿಕದ ನಕಾಮುರಾ, ವಿದಿತ್ ಕೈಯಲ್ಲಿ ಕರಿ ಕಾಯಿ, ಹಲಗೆಯ ಮೇಲೆ ಬರ್ಲಿನ್. ನಕಾಮುರಾ ಮಂತ್ರಿಗಳ ಅದಲುಬದಲಿಗೆ ಹೋಗಲಿಲ್ಲ. ಹಾಗಾಗಿ ಕಾಳಗಕ್ಕೆ ಕಸುವು ಉಳಿದೇ ಇತ್ತು. ಆಗ ವಿದಿತ್, ಬಿಳಿಯ ರಾಜನ ಕಾವಲಿಗಿದ್ದ ಕಾಲಾಳನ್ನು ತನ್ನ ಒಂಟೆಯಿಂದ ಹೊಡೆದರು. ಒಂದು ಕಾಲಾಳಿಗೆ ಇಡೀ ಒಂಟೆ! ಕೋಟೆ ಬಿರಿದ ಮೇಲೆ ಮಂತ್ರಿಗೆ ದಾರಿ ಸಿಕ್ಕಿತು, ಉಳಿದ ಕಾಯಿಗಳೂ ಹಿಂದೆಯೇ ಬಂದವು. ನಕಾಮುರಾ ಸೋತರು.

ಮನೆಯಲ್ಲಿ ಕೂತು ಹುಡುಕಿ, ಬೇಕಾದ ಹೊತ್ತಿಗೆ ತೆಗೆದ ನಡೆ ಅದು. ಡ್ರಾ ಮಾಡಿಕೊಳ್ಳುವವರ ಆಸರೆಯೆಂದು ಬರ್ಲಿನನ್ನು ಕಡೆಗಣಿಸುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಒಂಬತ್ತನೆಯ ಸುತ್ತಿನಲ್ಲಿ ಬಿಳಿ ಕಾಯಿ ಹಿಡಿದು ವಿದಿತ್ ನಕಾಮುರಾರನ್ನು ಮತ್ತೆ ಮಣಿಸಿದರು. ಅದೂ ಒಳ್ಳೆಯ ಆಟವೇ. ಆದರೂ ನನ್ನ ಮನಸ್ಸು ಮೊದಲನೆಯದರ ಮೇಲೇ. ಅನುಮಾನವಿದ್ದವರು ಹಲಗೆ ಹಾಸಿ ಕಾಯಿ ಜೋಡಿಸಿ, ಕರಿಯ ಕಡೆಯಿಂದ ಕೂತು ಅದನ್ನು ಒಂದೊಂದೇ ನಡೆಯಾಗಿ ಆಡಿ ನೋಡಲಿ.