ಒಂದು ಗೇಣು ದಾರ

2003ರಲ್ಲಿ ನಾನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಅಮ್ಮ ಚಟ್ನಿಪುಡಿ ಕಟ್ಟುತ್ತಿದ್ದರೆ ಅಪ್ಪ ಗ್ಲೋಬು ಹಿಡಿದು ಕೂತಿದ್ದರು. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು ಅವರು. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿಯಲು ನನಗೆ ಹೇಳಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋವರೆಗೆ ಬಿಗಿಯಾಗಿ ಎಳೆದರು. ದಾರ ಪೆಸಿಫಿಕ್ ಕಡೆಗೂ ಹೋಗಲಿಲ್ಲ, ಅಟ್ಲಾಂಟಿಕ್ ಕಡೆಗೂ ಹೋಗಲಿಲ್ಲ. ಮೇಲೇರಿ ದೂರದ ಉತ್ತರದಲ್ಲಿ ಹಾದುಹೋಯಿತು.

ಆಮೇಲೆ ಅದೇ ದಾರವನ್ನು ಭೂಮಧ್ಯರೇಖೆಯ ಮೇಲಿಟ್ಟು ಅಳೆದರು. ಪೂರ್ತಿ ಸುತ್ತಿನ ಮೂರರಲ್ಲೊಂದು ಪಾಲಿಗಿಂತ ಚೂರು ಹೆಚ್ಚು. “ಸುತ್ತು 40,000 ಕಿಲೋಮೀಟರ್ ಅಂದ್ರೆ ಇದು 14,000. ಗಂಟೆಗೆ 900ರ ಹಾಗೆ ಹಾರಿದ್ರೆ ಹದಿನಾರು ಗಂಟೆ ಕಣಮ್ಮಾ. ನಾನು, ನಿಮ್ಮಮ್ಮ ಕಾಶಿಗೆ ಹೋದಾಗ ರೈಲಿನಲ್ಲಿ ಎರಡು ದಿನ ಕೂತಿದ್ವಿ” ಎಂದರು. ಅದು ನನಗೆ ಹೇಳಿದ ಸಮಾಧಾನವೋ, ತಮಗೇ ಹೇಳಿಕೊಂಡದ್ದೋ ಆಗ ತಿಳಿಯಲಿಲ್ಲ.

ಆಗ ನೇರ ವಿಮಾನ ಇರಲಿಲ್ಲ. ಅದು ಬಂದದ್ದು 2021ರ ಜನವರಿಯಲ್ಲಿ. ಮೊದಲ ಹಾರಾಟದ ಪೈಲಟ್‌ಗಳೆಲ್ಲ ಮಹಿಳೆಯರು. ದಾರಿ ಉತ್ತರ ಧ್ರುವದ ಮೇಲೆ. ಹಿಡಿದದ್ದು ಸುಮಾರು 17 ಗಂಟೆ. ಪೇಪರಿನಲ್ಲಿ ಸುದ್ದಿ ಓದಿದ ಅಪ್ಪ ಫೋನ್ ಮಾಡಿ, “ನನ್ನ ದಾರದ ಹಾಗೇ ಮೇಲಿಂದ ಬಂದಿದ್ದಾರೆ ನೋಡು!” ಎಂದು ಮಗುವಿನ ಹಾಗೆ ನಕ್ಕಿದ್ದರು. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಇರುವುದು 17 ಗಂಟೆ ಮಾತ್ರ ಎಂದು ನಾನೂ ನಂಬಿಕೊಂಡೆ.

ಎರಡು ವರ್ಷದ ನಂತರ ಒಂದು ಸಂಜೆ ತಮ್ಮನ ಫೋನ್ ಬಂತು. ಊರಲ್ಲಿ ಆಗ ಬೆಳಗಿನ ಜಾವ. ಅಪ್ಪ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಸ್ವಲ್ಪ ಹೊತ್ತು ಅತ್ತ ಮೇಲೆ ಅವನು ಕೇಳಿದ: “ಅಕ್ಕಾ, ನೀನು ಬರೋಕೆ ಎಷ್ಟು ಹೊತ್ತಾಗುತ್ತೆ? ಇಲ್ಲಿ ಎಲ್ಲರೂ ಕೇಳ್ತಿದ್ದಾರೆ.”

ಆ ದಿನ ನೇರ ವಿಮಾನವಿರಲಿಲ್ಲ. ಕೈಗೆ ಸಿಕ್ಕ ಕಾಗದದ ಮೇಲೆ ಕೂಡಿದೆ. ಮನೆಯಿಂದ ಏರ್‌ಪೋರ್ಟು, ಅಲ್ಲಿನ ತಪಾಸಣೆ ಸೇರಿ ನಾಲ್ಕು ಗಂಟೆ. ಫ್ರಾಂಕ್‌ಫರ್ಟ್‌ಗೆ ಹನ್ನೊಂದು. ಅಲ್ಲಿ ಕಾಯುವುದು ನಾಲ್ಕು. ಬೆಂಗಳೂರಿಗೆ ಒಂಬತ್ತು. ಇಮಿಗ್ರೇಷನ್ ಸಾಲು ಒಂದು. ದೇವನಹಳ್ಳಿಯಿಂದ ತಿಪಟೂರಿಗೆ ನಾಲ್ಕು. “ಮೂವತ್ಮೂರು ಗಂಟೆ” ಎಂದೆ. ಆ ಕಡೆ ಮೌನ. ಹಿಂದೆ ಯಾರೋ ಹಿರಿಯರು, “ಅಷ್ಟೊತ್ತು ಇಡೋಕಾಗಲ್ಲಪ್ಪ” ಎಂದದ್ದು ಕೇಳಿಸಿತು. “ನನಗೆ ಕಾಯಬೇಡಿ, ಮುಗಿಸಿ” ಎಂದವಳು ನಾನೇ.

ನಾನು ಮನೆ ಮುಟ್ಟುವಷ್ಟರಲ್ಲಿ ಅಂಗಳ ತೊಳೆದಾಗಿತ್ತು. ಅಲ್ಮೇರಾದ ಮೇಲೆ ಗ್ಲೋಬು ಇತ್ತು. ಅದರ ಕಾಲಿಗೆ ಆ ದಾರ ಸುತ್ತಿಕೊಂಡೇ ಇತ್ತು. ಬಿಚ್ಚಿ ಅಂಗೈ ಮೇಲೆ ಹಿಡಿದೆ. ಒಂದು ಗೇಣು, ಅಷ್ಟೇ.

ಅಪ್ಪನ ಲೆಕ್ಕ ತಪ್ಪಿರಲಿಲ್ಲ. ಅವರು ಅಳೆದದ್ದು ಏರ್‌ಪೋರ್ಟಿನಿಂದ ಏರ್‌ಪೋರ್ಟಿಗೆ. ಈಗ ಇಲ್ಲಿಗೆ ಹೊಸದಾಗಿ ಬಂದವರು ಊರಿಗೆ ಎಷ್ಟು ಗಂಟೆ ಪ್ರಯಾಣ ಎಂದು ಕೇಳಿದರೆ ನಾನು 17 ಎನ್ನುವುದಿಲ್ಲ. ನಿಮ್ಮ ಮನೆ ಬಾಗಿಲಿನಿಂದ ಅಪ್ಪ ಅಮ್ಮನ ಮನೆ ಬಾಗಿಲಿನವರೆಗೆ ಒಮ್ಮೆ ಕೂಡಿ ಇಟ್ಟುಕೊಳ್ಳಿ ಎನ್ನುತ್ತೇನೆ. ಯಾರಾದರೂ ಫೋನಿನಲ್ಲಿ ಕೇಳುವ ಮೊದಲು.