ಕೀಲಿಕೈ ಸಿರುಗುಪ್ಪದಲ್ಲಿತ್ತು

ನಾವು ಮೂವರು ಗೆಳತಿಯರು. ಒಬ್ಬಳು ಸಿರುಗುಪ್ಪದವಳು, ಇಬ್ಬರು ಕುರುಗೋಡು ಕಡೆಯವರು. ಬಳ್ಳಾರಿಯಲ್ಲಿ ಹಳೆಯದೊಂದು ಮೂರಂತಸ್ತಿನ ಅಪಾರ್ಟ್‌ಮೆಂಟ್‌ನಲ್ಲಿ ಬಾಡಿಗೆಗಿದ್ದೇವೆ. ಕೆಳಗೆ ಅಂಗಡಿಗಳು, ಮೇಲೆ ಮನೆಗಳು. ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ಬಾಗಿಲು, ಅದಕ್ಕೆ ಯಾವಾಗಲೂ ಕೀಲಿ. ಎರಡು ವರ್ಷ ಅದರ ಮುಂದೆಯೇ ಚಪ್ಪಲಿ ಬಿಟ್ಟಿದ್ದೇವೆ. ಒಳಗೆ ಏನಿದೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಕಳೆದ ಏಪ್ರಿಲ್‌ನ ಒಂದು ರಾತ್ರಿ ಹತ್ತೂವರೆಗೆ ಕರೆಂಟ್ ಹೋಯ್ತು. ಏಪ್ರಿಲ್‌ನಲ್ಲಿ ಬಳ್ಳಾರಿಯ ಗೋಡೆಗಳು ರಾತ್ರಿಯೂ ಒಲೆಯ ಹಾಗೆ ಕಾಯುತ್ತಿರುತ್ತವೆ. ಬಾಲ್ಕನಿಗೆ ಬಂದು ನೋಡಿದರೆ ಬೀದಿಯಲ್ಲಿ ದೀಪ ಇದೆ, ಎದುರು ಮನೆಯಲ್ಲೂ ಇದೆ, ನಮ್ಮದೇ ಬಿಲ್ಡಿಂಗ್‌ನ ಮೇಲಿನ ಮನೆಯಲ್ಲಿ ಟಿವಿ ನಡೆಯುತ್ತಿದೆ. ಕತ್ತಲಾಗಿದ್ದು ನಮ್ಮ ಮನೆ, ಪಕ್ಕದ ಅಜ್ಜಿಯ ಮನೆ, ಇನ್ನೊಂದು ಖಾಲಿ ಮನೆ, ಇಷ್ಟೇ. ಅಜ್ಜಿಗೆ ಉಬ್ಬಸ. ರಾತ್ರಿ ಮಲಗುವ ಮುಂಚೆ ನೆಬ್ಯುಲೈಸರ್ ಹಚ್ಚಿಕೊಳ್ಳಲೇಬೇಕು.

1912ಕ್ಕೆ ಫೋನ್ ಮಾಡಿದೆವು. ಮುಕ್ಕಾಲು ಗಂಟೆಗೆ ಲೈನ್‌ಮನ್ ಅಣ್ಣ ಬಂದರು. ಕಂಬ ನೋಡಿದರು, ನಮ್ಮ ಮನೆಯ ಎಂಸಿಬಿ ನೋಡಿದರು.

"ಕಂಬದಾಗ ಎಲ್ಲಾ ಸರಿ ಐತಮ್ಮ. ಬಿಲ್ಡಿಂಗಿಗೆ ಮೂರು ಫೇಸ್ ಬರ್ತಾವ, ಅದರಾಗ ಒಂದು ಹೋಗೈತಿ. ಒಳಗ ಮೇನ್ ಫ್ಯೂಸ್ ಸುಟ್ಟಿರಬೇಕು. ಮೀಟರ್ ರೂಮಿನ ಕೀಲಿಕೈ ತರ್ರಿ, ಹತ್ತು ನಿಮಿಷದ ಕೆಲಸ."

ಮೂರು ಫೇಸ್ ಅಂದರೆ ಏನು ಅಂತ ಆವತ್ತು ನಮಗೆ ಸರಿಯಾಗಿ ಅರ್ಥವಾಯಿತು. ಬಿಲ್ಡಿಂಗಿನ ಮನೆಗಳನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿಗೆ ಒಂದೊಂದು ಫೇಸ್ ಕೊಟ್ಟಿರುತ್ತಾರೆ. ಒಂದು ಹೋದರೆ ಆ ಪಾಲಿನವರು ಮಾತ್ರ ಕತ್ತಲಲ್ಲಿ. ಉಳಿದವರಿಗೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದ್ದರಿಂದ ಅವರು ಏಳುವುದಿಲ್ಲ.

ಕೀಲಿಕೈ ಇದ್ದದ್ದು ಕೆಳಗಿನ ಬಟ್ಟೆ ಅಂಗಡಿಯವರ ಹತ್ತಿರ. ಅವರು ಸಂಬಂಧಿಕರ ಮದುವೆಗೆ ಸಿರುಗುಪ್ಪಕ್ಕೆ ಹೋಗಿದ್ದರು, 50 ಕಿ.ಮೀ.ಗೂ ಹೆಚ್ಚು ದೂರ. ಫೋನ್ ಮಾಡಿದರೆ, "ನನ್ನ ಕಿಸೆದಾಗ ಐತಿ ನೋಡಮ್ಮ, ನಾಡಿದ್ದು ಬರ್ತೀನಿ" ಅಂದರು. ಬಿಲ್ಡಿಂಗ್ ಮಾಲೀಕರು ಫೋನ್ ಎತ್ತಲಿಲ್ಲ.

ಕೀಲಿ ಒಡೆದುಬಿಡೋಣ ಅಂತ ನಮ್ಮಲ್ಲೊಬ್ಬಳು ಅಂದಳು. ಲೈನ್‌ಮನ್ ಅಣ್ಣ ಒಪ್ಪಲಿಲ್ಲ. "ಒಳಗ ಅವರ ಸಾಮಾನು ಐತಂತ. ನಾಳೆ ಏನರ ಹೋತು ಅಂದ್ರ ನನ್ನ ಕೊರಳಿಗೆ ಬರ್ತದ." ಆಗ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಹೇಳಿದ್ದೇ ಸರಿ ಅನ್ನಿಸುತ್ತದೆ.

ಮೇಲಿನ ಮನೆಯವರ ಬಾಗಿಲು ತಟ್ಟಿ, ಅವರ ಎಕ್ಸ್‌ಟೆನ್ಷನ್ ಬೋರ್ಡ್ ಜೊತೆ ನಮ್ಮದನ್ನೂ ಸೇರಿಸಿ, ಮೆಟ್ಟಿಲ ಮೇಲೆ ವೈರ್ ಎಳೆದು ಅಜ್ಜಿಯ ಮನೆಗೆ ಕರೆಂಟ್ ಕೊಟ್ಟೆವು. ಯಾರೂ ತುಳಿಯದ ಹಾಗೆ ಸರದಿಯಲ್ಲಿ ಮೆಟ್ಟಿಲ ಮೇಲೆ ಕಾವಲು ಕೂತೆವು. ನೆಬ್ಯುಲೈಸರ್ ಗುರ್ ಅನ್ನುವ ಸದ್ದು ಕೇಳಿದ ಮೇಲೆಯೇ ನಮಗೂ ಉಸಿರು ಬಂದಂತಾಯಿತು.

ಅಷ್ಟರಲ್ಲಿ ಸಿರುಗುಪ್ಪದವಳು ತನ್ನ ಸೋದರಮಾವನಿಗೆ ಫೋನ್ ಹಚ್ಚಿದ್ದಳು. ಮಾವ ಆ ಹೊತ್ತಿನಲ್ಲೇ ಬೈಕ್ ಹತ್ತಿ ಮದುವೆ ಮನೆಗೆ ಹೋಗಿ, ಅಂಗಡಿಯವರ ಕಿಸೆಯಿಂದ ಕೀಲಿಕೈ ಬಿಡಿಸಿಕೊಂಡು, ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು. ನಮ್ಮ ಕಡೆ ಬುತ್ತಿ, ಔಷಧಿ, ಮಾರ್ಕ್ಸ್ ಕಾರ್ಡ್ ಎಲ್ಲ ಹೀಗೇ ಬರುವುದು. ಪೇಪರಲ್ಲಿ ಸುತ್ತಿದ್ದ ಕೀಲಿಕೈ ಬೆಳಿಗ್ಗೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕೈಗೆ ಸಿಕ್ಕಿತು.

ಬಾಗಿಲು ತೆಗೆದಾಗ ಲೈನ್‌ಮನ್ ಅಣ್ಣ ಒಳಗೆ ಹೋಗದೆ ಅಲ್ಲೇ ನಿಂತುಬಿಟ್ಟರು. ಜೀನ್ಸ್ ಬಟ್ಟೆಯ ತುಂಡುಗಳನ್ನು ತುಂಬಿದ ಚೀಲಗಳು ಮೇಲಿನವರೆಗೆ. ಅದರ ಹಿಂದೆ, ಮರದ ಹಲಗೆಯ ಮೇಲೆ ನಮ್ಮೆಲ್ಲರ ಮೀಟರ್‌ಗಳು. ಸುಟ್ಟ ಫ್ಯೂಸಿನ ಪಿಂಗಾಣಿ ಕಪ್ಪಾಗಿತ್ತು. ಅದಕ್ಕೂ ಹತ್ತಿರದ ಚೀಲಕ್ಕೂ ನಡುವೆ ಒಂದು ಗೇಣು ಜಾಗ ಇರಲಿಲ್ಲ. ರಾತ್ರಿಯೆಲ್ಲ ನಾವು ಕತ್ತಲೆಯ ಬಗ್ಗೆ ಗೊಣಗಿದ್ದೆವು. ಅಲ್ಲಿಂದ ಒಂದು ಕಿಡಿ ಹಾರಿದ್ದರೆ, ಕೆಳಗಿಳಿಯಲು ಇರುವ ಒಂದೇ ಮೆಟ್ಟಿಲು ಅದರ ತಲೆಯ ಮೇಲೇ ಇದೆ.

ಕುರುಗೋಡಿನ ಹೊಲಗಳಲ್ಲಿ ಟಿ.ಸಿ. ಸುಟ್ಟು ಪಂಪ್‌ಸೆಟ್ ನಿಂತ ಬಗ್ಗೆ, ರೈತರು ತಾವೇ ಫ್ಯೂಸ್ ಹಾಕಲು ಹೋಗಿ ಪೆಟ್ಟು ತಿನ್ನುವ ಬಗ್ಗೆ ನಾವು ಕ್ಲಾಸಿಗೆ ವರದಿ ಬರೆದವರು. ಊರಲ್ಲಿ ಮೀಟರ್ ಪಡಸಾಲೆಯ ಗೋಡೆಯಲ್ಲೇ ಇರುತ್ತದೆ, ಹೋಗಿ ಬಂದವರೆಲ್ಲ ನೋಡುತ್ತಾರೆ. 2023ರಲ್ಲಿ ಗೃಹಜ್ಯೋತಿಗೆ ಅರ್ಜಿ ಹಾಕುವಾಗ ಊರಿನ ಮನೆಗಳ ನಂಬರನ್ನು ಬಿಲ್ ನೋಡಿ ತುಂಬಿಕೊಟ್ಟವರೂ ನಾವೇ. ನಾವು ಮಲಗುವ ಮನೆಯ ಮೀಟರ್ ಎಲ್ಲಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ಕಾನೂನು ಹುಡುಕಿ ನೋಡಿದೆವು. 2003ರ ವಿದ್ಯುತ್ ಕಾಯ್ದೆಯ 163ನೇ ಸೆಕ್ಷನ್ ಪ್ರಕಾರ ಕಂಪನಿಯ ಸಿಬ್ಬಂದಿಗೆ ತಮ್ಮ ಉಪಕರಣ ಇರುವ ಜಾಗಕ್ಕೆ ಹೋಗಿ ಪರೀಕ್ಷಿಸುವ, ರಿಪೇರಿ ಮಾಡುವ ಹಕ್ಕಿದೆ. ಗ್ರಾಹಕ ಬಿಡದಿದ್ದರೆ? ಲಿಖಿತ ನೋಟಿಸ್ ಕೊಟ್ಟು, 24 ಗಂಟೆ ಕಳೆದ ಮೇಲೆ ಕರೆಂಟ್ ಕಡಿಯಬಹುದು. ಓದಿ ನಗು ಬಂತು. ನಾವು ಮೊದಲೇ ಕತ್ತಲಲ್ಲಿ ಕೂತವರು.

ಆ ಭಾನುವಾರ ಎಲ್ಲ ಮನೆಯವರ ಸಹಿ ಹಾಕಿಸಿ ಮಾಲೀಕರಿಗೆ ಪತ್ರ ಕೊಟ್ಟೆವು. ಮೀಟರ್ ರೂಮಿನಲ್ಲಿ ಸಾಮಾನು ಇಡಬಾರದು, ಇನ್ನೊಂದು ಕೀಲಿಕೈ ಮನೆಗಳ ಕಡೆ ಇರಬೇಕು, ಇವೆರಡೇ ಬೇಡಿಕೆ. ಕೀಲಿಕೈಗೆ ತಕ್ಷಣ ಒಪ್ಪಿದರು. ಚೀಲಗಳ ವಿಷಯಕ್ಕೆ ಅಂಗಡಿಯವರು, "ನೀವು ಇವತ್ತು ಇರ್ತೀರಿ ನಾಳೆ ಹೋಗ್ತೀರಿ, ನಾವು ಇಪ್ಪತ್ತು ವರ್ಷದಿಂದ ಇಟ್ಟೀವಿ" ಅಂದರು. ನಮ್ಮ ಹತ್ತಿರ ಮೊಬೈಲಿನಲ್ಲಿ ಆ ಕಪ್ಪಾದ ಫ್ಯೂಸಿನ ಫೋಟೋ ಇತ್ತು. ಮಾತಾಡದೆ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು.

ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ಹೆಸರುಗಳು ಯಾವ ಕಾಲದ ಬಾಡಿಗೆದಾರರವೋ. ಬಿಲ್ಲಿನ ನಂಬರ್ ತಾಳೆ ನೋಡಿ ಒಂದೊಂದು ಮೀಟರ್ ಕೆಳಗೂ ಮನೆ ನಂಬರಿನ ಚೀಟಿ ಅಂಟಿಸಿದೆವು. ಎರಡನೇ ಕೀಲಿಕೈ ಈಗ ಅಜ್ಜಿಯ ಬಾಗಿಲ ಹಿಂದಿನ ಮೊಳೆಯಲ್ಲಿದೆ, ಅವರು ಎಲ್ಲಿಗೂ ಮದುವೆಗೆ ಹೋಗುವುದಿಲ್ಲ ಅಂತ. ವಾರಕ್ಕೊಮ್ಮೆ ನಮ್ಮಲ್ಲಿ ಒಬ್ಬರು ಆ ಬಾಗಿಲು ತೆಗೆದು ನೋಡುತ್ತೇವೆ. ಮೊನ್ನೆ ನೋಡಿದಾಗ ಹೊಸದಾಗಿ ಎರಡು ಚೀಲ ಬಂದಿದ್ದವು. ಹೊರಗೆ ತಂದು ಅಂಗಡಿಯ ಮುಂದೆ ಇಟ್ಟು ಬಂದೆವು.