ಮೀಟರಿನ ಮಿಣುಕು ಎಣಿಸಿದ್ದು

ಗೃಹಜ್ಯೋತಿ ಯೋಜನೆ ಬಂದಾಗ ನಮ್ಮ ಅರಕಲಗೂಡಿನ ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ. 2023ರ ಆಗಸ್ಟ್‌ನಿಂದ ಸೊನ್ನೆ ಬಿಲ್ ಕೊಡಲು ಶುರು ಮಾಡಿದರಲ್ಲ, ಅದಕ್ಕೆ ಲೆಕ್ಕ ಹಿಡಿದದ್ದು 2022-23ರ ಸರಾಸರಿ ಬಳಕೆ. ಒಂಟಿ ಜೀವ, ಎರಡು ದೀಪ, ಒಂದು ಟೀವಿ, ಚಿಕ್ಕ ಫ್ರಿಜ್. ಸರಾಸರಿ 42 ಯೂನಿಟ್. ಮೊದಲು ಅದರ ಮೇಲೆ ಶೇ. 10 ಸೇರಿಸಿ ಕೊಡುತ್ತಿದ್ದರು, 2024ರ ಜನವರಿಯಲ್ಲಿ ಕಡಿಮೆ ಬಳಸುವ ಮನೆಗಳಿಗೆ ಅದನ್ನು 10 ಯೂನಿಟ್ ಮಾಡಿದರು. ಹಾಗಾಗಿ ನಮಗೆ ಸಿಗುವುದು 52. ಇನ್ನೂರು ಯೂನಿಟ್ ಪುಕ್ಕಟೆ ಅಂತ ಊರೆಲ್ಲ ಹೇಳುತ್ತಾರೆ, ಆದರೆ ಅದು ಮೇಲಿನ ಮಿತಿ ಅಷ್ಟೆ. ನಮ್ಮ ಪಾಲು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ನಮ್ಮ ತಲೆಗೆ.

ಕಳೆದ ವರ್ಷ ನಾವು ಮೂವರು ಬೆಂಗಳೂರು ಬಿಟ್ಟು ಬಂದು ಅತ್ತೆಯ ಜೊತೆ ಸೇರಿಕೊಂಡೆವು. ಬಳಕೆ 121ಕ್ಕೆ ಹೋಯಿತು. ಬಿಲ್ ನೋಡಿ ಅತ್ತೆ ಏನೂ ಅನ್ನಲಿಲ್ಲ, ಆದರೆ ಅವತ್ತಿನಿಂದ ರಾತ್ರಿ ದೀಪ ಆರಿಸಿ ಮಲಗಲು ಶುರು ಮಾಡಿದರು. ಎಪ್ಪತ್ತೆಂಟು ವಯಸ್ಸು. ನಡುರಾತ್ರಿ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುವುದು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಹೀಗೇ ಜಾರಿ ಸೊಂಟ ಮುರಿದುಕೊಂಡು ಆರು ತಿಂಗಳಾಗಿತ್ತು. ಎಷ್ಟು ಹೇಳಿದರೂ “ಜೀರೋ ಬಲ್ಬು ಅಂದ್ರೆ ಜೀರೋನಾ? ಅದೂ ಕರೆಂಟ್ ತಿನ್ನುತ್ತೆ ಕಣಮ್ಮ” ಅಂತ ಬಾಯಿ ಮುಚ್ಚಿಸುತ್ತಿದ್ದರು.

ಅವರ ಮಾತು ಸುಳ್ಳೇನಲ್ಲ. ಹಳೇ ಕಾಲದ ಬಣ್ಣದ ಜೀರೋ ಬಲ್ಬು 12ರಿಂದ 15 ವ್ಯಾಟ್ ಎಳೆಯುತ್ತಿತ್ತು. ಈಗಿನದು ಅರ್ಧ ವ್ಯಾಟಿನ ಎಲ್‌ಇಡಿ. ಬಾಯಲ್ಲಿ ಹೇಳಿದರೆ ನಂಬುವವರಲ್ಲ, ಹಾಗಾಗಿ ಒಂದು ಭಾನುವಾರ ಅವರನ್ನೇ ಮೀಟರ್ ಮುಂದೆ ಕುರ್ಚಿ ಹಾಕಿ ಕೂರಿಸಿದೆ.

ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ, ನೋಡಿರುತ್ತೀರಿ. ನಮ್ಮದರ ಮೇಲೆ 3200 ಅಂತ ಬರೆದಿದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್ ಸಮೇತ ಎಲ್ಲ ಬಂದ್ ಮಾಡಿ ರಾತ್ರಿ ದೀಪ ಒಂದನ್ನೇ ಹಾಕಿದೆವು. ಕಾದೆವು, ಕಾದೆವು. ಅರ್ಧ ಗಂಟೆ ಕಳೆದ ಮೇಲೆ ಒಂದು ಸಲ ಮಿಣುಕಿತು. ತಿಂಗಳೆಲ್ಲ ರಾತ್ರಿ ಉರಿದರೂ 0.15 ಯೂನಿಟ್, ಒಂದು ರೂಪಾಯಿಯೂ ಆಗದು.

ಆಮೇಲೆ ಟೀವಿಯ ಸೆಟ್‌ಟಾಪ್ ಬಾಕ್ಸ್. ರಿಮೋಟಿನಲ್ಲಿ ಆರಿಸಿ, ಗೋಡೆಯ ಸ್ವಿಚ್ ಹಾಗೇ ಬಿಟ್ಟೆ. ಹತ್ತು ನಿಮಿಷಕ್ಕೆ ಆರು ಮಿಣುಕು, ಅಂದರೆ ಸುಮಾರು 11 ವ್ಯಾಟ್. ದಿನವಿಡೀ ಹೀಗೆ ಬಿಟ್ಟರೆ ತಿಂಗಳಿಗೆ 8 ಯೂನಿಟ್! ಯಾರೂ ನೋಡದ ಟೀವಿಗೆ. ಅತ್ತೆಯ ಮುಖ ನೋಡಬೇಕಿತ್ತು. ಸೊಳ್ಳೆ ಲಿಕ್ವಿಡ್ಡಿನ ಮೆಷಿನ್ನು ಹಗಲೂ ರಾತ್ರಿ ಚುಚ್ಚಿಟ್ಟರೆ ಅದೊಂದು ಮೂರೂವರೆ ಯೂನಿಟ್. ಅತ್ತೆ ದಿನಾ ಬೈಯುತ್ತಿದ್ದ ಖಾಲಿ ಮೊಬೈಲ್ ಚಾರ್ಜರ್ ಮಾತ್ರ ಲೆಕ್ಕಕ್ಕೇ ಸಿಗಲಿಲ್ಲ.

ದೊಡ್ಡ ಜಗಳ ಗೀಸರಿನದು. ನನ್ನ ಮಗ ಬೆಳಿಗ್ಗೆ ಸ್ವಿಚ್ ಹಾಕಿದರೆ ರಾತ್ರಿವರೆಗೂ ಆರಿಸುವವನಲ್ಲ. ನೀರು ಕಾದ ಮೇಲೆ ಅದೇ ನಿಲ್ಲುತ್ತದೆ, ಆರಿಸಿ ಮತ್ತೆ ಕಾಯಿಸಿದರೇ ಜಾಸ್ತಿ ಖರ್ಚು ಅಂತ ಅವನ ವಾದ. ಈ ವಾದ ಸುಮಾರು ಮನೆಗಳಲ್ಲಿ ಕೇಳಿದ್ದೇನೆ. ನಲ್ಲಿ ಮುಟ್ಟದೆ ನಾಲ್ಕು ಗಂಟೆ ಗೀಸರ್ ಒಂದನ್ನೇ ಬಿಟ್ಟೆವು. ಕೆಂಪು ದೀಪ ಆಗಾಗ ತಾನೇ ಹೊತ್ತಿ ಆರುತ್ತಿತ್ತು. ಮೀಟರ್ 0.2 ಯೂನಿಟ್ ಏರಿತ್ತು. ಒಂದು ತೊಟ್ಟು ನೀರು ಬಳಸದೆ!

ಮಗನಿಗೆ ಬುದ್ಧಿ ಹೇಳಿದ್ದು ನಾನಲ್ಲ, ಅತ್ತೆ. “ಹಂಡೆ ಒಲೆಗೆ ಬೆಳಿಗ್ಗೆಯಿಂದ ಸಂಜೆವರೆಗೂ ಮಟ್ಟೆ ಒಟ್ತಾರೇನೋ? ಸ್ನಾನದ ಹೊತ್ತಿಗೆ ಒಟ್ಟಿದ್ರೆ ಸಾಲ್ದಾ?” ಅಂದರು. ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರ್ ಹೇಳಿಯಾನು? ನೀರು ಬಿಸಿಯಾಗಿದ್ದಷ್ಟು ಹೊತ್ತೂ ಶಾಖ ಹೊರಗೆ ಸೋರುತ್ತಲೇ ಇರುತ್ತದೆ. ತಣ್ಣಗಾದ ನೀರಿಗೆ ಸೋರಲು ಏನೂ ಇಲ್ಲ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾದದ್ದು ಸುಮಾರು 0.7 ಯೂನಿಟ್. ನಮ್ಮ 2000 ವ್ಯಾಟಿನ ಗೀಸರಿಗೆ ಅದು ಇಪ್ಪತ್ತು-ಇಪ್ಪತ್ತೆರಡು ನಿಮಿಷದ ಕೆಲಸ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಾಕಿದರೆ ಸಾಕು.

ಹಾಗಂತ ಹಂಡೆಗೇ ಮರಳೋಣ ಅನ್ನುವವಳಲ್ಲ ನಾನು. ಆ ಹೊಗೆಯಲ್ಲಿ ಅತ್ತೆಯ ಕಣ್ಣು ಎಷ್ಟು ವರ್ಷ ಉರಿದಿದೆಯೋ.

ಸೆಟ್‌ಟಾಪ್ ಬಾಕ್ಸಿನ ಪ್ಲಗ್ಗು ಟೀವಿ ಹಿಂದೆ ಇತ್ತು, ಅತ್ತೆಗೆ ಬಗ್ಗಲಾಗದು. ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ತಂದು ಅವರ ಮಂಚದ ಪಕ್ಕ ಹಾಕಿಸಿದೆವು. ಧಾರಾವಾಹಿ ಮುಗಿದ ಕೂಡಲೇ ‘ಟಕ್’ ಅನ್ನಿಸುತ್ತಾರೆ. ಮುಂದಿನ ತಿಂಗಳು 94 ಯೂನಿಟ್ ಬಂತು. ಬಿಲ್ ಸೊನ್ನೆ ಆಗಲಿಲ್ಲ, ನಾಲ್ಕು ಜನ ಇರುವ ಮನೆಯಲ್ಲಿ 52ರೊಳಗೆ ಆಗುವುದೂ ಇಲ್ಲ. ನೂರೈವತ್ತು ರೂಪಾಯಿ ಮೇಲೆ ಉಳಿಯಿತು.

ಬಚ್ಚಲ ದಾರಿಯ ದೀಪ ಈಗ ರಾತ್ರಿಯೆಲ್ಲ ಉರಿಯುತ್ತದೆ. ಕೋಣೆಯದನ್ನು ಮಾತ್ರ ಅತ್ತೆ ಇನ್ನೂ ಆರಿಸುತ್ತಾರೆ, ಬೆಳಕಿದ್ದರೆ ನಿದ್ದೆ ಬರಲ್ಲ ಅನ್ನುವುದು ಈಗಿನ ಕಾರಣ.